ಗೋವಾದಲ್ಲಿ ಹಡಗು ಹತ್ತಿದ ಘೇಂಡಾಮೃಗ

ಒಂದು ಘೇಂಡಾಮೃಗದ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಕಾಜಿರಂಗದ್ದಲ್ಲ. 1515ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಮರದ ಹಲಗೆ ಕೆತ್ತಿ ಕಾಗದದ ಮೇಲೆ ಅಚ್ಚು ಹಾಕಿದ್ದು. ಚಿತ್ರ ಬರೆದವನು ಆಲ್ಬ್ರೆಖ್ಟ್ ಡ್ಯೂರರ್. ನೀವೂ ಎಲ್ಲೋ ನೋಡಿರ್ತೀರಿ. ಪುಸ್ತಕದಲ್ಲೋ, ಟೀ ಶರ್ಟಿನ ಮೇಲೋ. ಮೈತುಂಬ ಕವಚ, ಕಾಲಿಗೆಲ್ಲ ಹುರುಪೆ, ಮೂಗಿನ ಮೇಲೊಂದು ಕೊಂಬು, ಸಾಲದ್ದಕ್ಕೆ ಹೆಗಲ ಮೇಲೆ ಇನ್ನೊಂದು ಪುಟ್ಟ ಕೊಂಬು.

ವುಡ್‌ಕಟ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ. ಜಪಾನಿನ ಆ ದೊಡ್ಡ ಅಲೆಯ ಚಿತ್ರ ಇದೆಯಲ್ಲ, ಹೊಕುಸಾಯಿಯದ್ದು, ಅದೂ ಮರದಚ್ಚೇ. ಅದರ ಅಂದದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದನ್ನು ತೋರಿಸಿದರೆ ಜನ ನೀಲಿ ಬಣ್ಣ ನೋಡಿ ಬೆರಗಾಗಿ ಅಲ್ಲೇ ನಿಂತುಬಿಡುತ್ತಾರೆ. ಘೇಂಡಾಮೃಗದಲ್ಲಿ ಬಣ್ಣ ಇಲ್ಲ. ಕಪ್ಪು ಗೆರೆ, ಬಿಳಿ ಕಾಗದ, ಅಷ್ಟೇ. ಹಾಗಾಗಿ ಕಣ್ಣು ಗೆರೆಯ ಹಿಂದೆಯೇ ಹೋಗುತ್ತದೆ.

ಮಜಾ ಏನೆಂದರೆ ಡ್ಯೂರರ್ ಈ ಪ್ರಾಣಿಯನ್ನು ನೋಡಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಸಾಯುವತನಕ ಒಂದು ಸಲವೂ ಇಲ್ಲ. ಇನ್ನೊಂದು ಮಜಾ, ಆ ಪ್ರಾಣಿ ಹಡಗು ಹತ್ತಿದ್ದು ನಮ್ಮ ಪಕ್ಕದ ಗೋವಾದಲ್ಲಿ.

ನಾನು ಹೊನ್ನಾವರ ಕಡೆಯವನು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡಿಕೊಂಡಿದ್ದೇನೆ. ನಮ್ಮೂರಿಗೂ ಈ ಕತೆಗೂ ಒಂದು ಸಣ್ಣ ನಂಟು ಇದೆ. 1510ರಲ್ಲಿ ಗೋವಾ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಅದರ ಮೇಲೆ ಬೀಳು, ಇದೇ ತಕ್ಕ ಸಮಯ ಅಂತ ಪೋರ್ಚುಗೀಸರ ಅಲ್ಬುಕರ್ಕನಿಗೆ ಹೇಳಿಕೊಟ್ಟವನು ಹೊನ್ನಾವರದ ತಿಮ್ಮಯ್ಯ, ಕಡಲಿನ ಮೇಲೆ ಸ್ವಂತ ಹಡಗುಪಡೆ ಇಟ್ಟುಕೊಂಡಿದ್ದವನು. ಪೋರ್ಚುಗೀಸರ ಕಾಗದಪತ್ರದಲ್ಲಿ ಅವನು ತಿಮೋಜ. ಒಳ್ಳೆಯದು ಮಾಡಿದನೋ ಕೆಟ್ಟದ್ದು ಮಾಡಿದನೋ ಅನ್ನೋ ಜಗಳ ನಮ್ಮಲ್ಲಿ ಚಹಾದ ಅಂಗಡಿಯಲ್ಲಿ ಈಗಲೂ ಆಗುತ್ತದೆ. ಇರಲಿ. ಗೋವಾ ಪೋರ್ಚುಗೀಸರ ಕೈಗೆ ಹೋಯಿತು. ಅದಾಗಿ ನಾಲ್ಕು ವರ್ಷಕ್ಕೆ ಅಲ್ಬುಕರ್ಕ್ ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಶಾಹನ ಹತ್ತಿರ ದೀವ್‌ನಲ್ಲಿ ಕೋಟೆ ಕಟ್ಟಲು ಅಪ್ಪಣೆ ಕೇಳಿ ದೂತರನ್ನು ಕಳಿಸಿದ. ಸುಲ್ತಾನ ಕೋಟೆಗೆ ಒಪ್ಪಲಿಲ್ಲ. ಬರಿಗೈಲಿ ಕಳಿಸಬಾರದು ಅಂತ ಉಡುಗೊರೆ ಕೊಟ್ಟ. ಅದರಲ್ಲಿ ಒಂದು ಜೀವಂತ ಘೇಂಡಾಮೃಗ!

ಅದನ್ನು ಇಟ್ಟುಕೊಂಡು ಅಲ್ಬುಕರ್ಕ್ ಏನು ಮಾಡಬೇಕು? ತನ್ನ ರಾಜ ಮನುವೆಲ್‌ಗೆ ದಾಟಿಸಿದ. 1515ರ ಜನವರಿಯಲ್ಲಿ ಮಸಾಲೆ ತುಂಬಿದ ಹಡಗಿನಲ್ಲಿ, ನೋಡಿಕೊಳ್ಳುವ ಆಳಿನ ಜೊತೆ, ಪ್ರಾಣಿ ಹೊರಟಿತು. ಮೊಜಾಂಬಿಕ್, ಆಫ್ರಿಕಾದ ತುದಿ, ಸೇಂಟ್ ಹೆಲೆನಾ ದ್ವೀಪ. ಮೇ 20ಕ್ಕೆ ಲಿಸ್ಬನ್. ಹೆಚ್ಚುಕಡಿಮೆ ನಾಲ್ಕು ತಿಂಗಳ ಪ್ರಯಾಣ. ರೋಮನ್ನರ ಕಾಲದ ನಂತರ ಯುರೋಪಿನ ಜನ ಕಣ್ಣಾರೆ ಕಂಡ ಮೊದಲ ಘೇಂಡಾಮೃಗ ಅದು.

ಲಿಸ್ಬನ್‌ನಲ್ಲಿ ಏನಾಯಿತು ನೋಡಿ. ಘೇಂಡಾಮೃಗಕ್ಕೂ ಆನೆಗೂ ಜನ್ಮವೈರ ಅಂತ ಹಳೇ ರೋಮನ್ ಪುಸ್ತಕಗಳಲ್ಲಿ ಇತ್ತು. ರಾಜನಿಗೆ ಅದನ್ನು ಪರೀಕ್ಷೆ ಮಾಡುವ ಆಸೆ. ಜೂನ್ 3ರಂದು ಜನ ಸೇರಿಸಿ ಎರಡನ್ನೂ ಎದುರು ಬಿಟ್ಟ. ಆನೆ ಇನ್ನೂ ಚಿಕ್ಕದು. ಅದು ಗಾಬರಿಯಾಗಿ ಓಡಿಹೋಯಿತು. ಹೋರಾಟ ಅಲ್ಲಿಗೆ ಮುಗಿಯಿತು, ಗೆದ್ದದ್ದು ಘೇಂಡಾಮೃಗ ಅಂತ ಸುದ್ದಿಯಾಯಿತು.

ಸುದ್ದಿ ನ್ಯೂರೆಂಬರ್ಗಿಗೆ ಯಾಕೆ ಹೋಯಿತು? ಕಾಳುಮೆಣಸಿನ ದೆಸೆಯಿಂದ. ನ್ಯೂರೆಂಬರ್ಗಿನ ವ್ಯಾಪಾರಿಗಳಿಗೆ ಲಿಸ್ಬನ್‌ನಲ್ಲಿ ಮಸಾಲೆ ಇಳಿಯುವ ದಿನ ಮುಖ್ಯ. ಹಾಗಾಗಿ ಪತ್ರ ಓಡಾಡುತ್ತಲೇ ಇತ್ತು. ಲಿಸ್ಬನ್‌ನಲ್ಲಿದ್ದ ವ್ಯಾಲೆಂಟಿಮ್ ಫರ್ನಾಂಡಿಸ್ ಅನ್ನುವ ಮುದ್ರಕ ಈ ಪ್ರಾಣಿಯನ್ನು ವರ್ಣಿಸಿ ನ್ಯೂರೆಂಬರ್ಗಿಗೆ ಬರೆದ. ಯಾರೋ ಬರೆದ ಒಂದು ಸ್ಕೆಚ್ ಕೂಡ ಹೋಯಿತು. ಡ್ಯೂರರ್ ಕೈಗೆ ಸಿಕ್ಕಿದ್ದು ಇಷ್ಟೇ, ಒಂದಿಷ್ಟು ಮಾತು, ಒಂದು ಸ್ಕೆಚ್. (ಮೆಣಸಿನ ಮಾತು ಬಂತಲ್ಲ, ಇದಾಗಿ ಕೆಲವು ದಶಕಗಳ ಮೇಲೆ ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅದು ಬೇರೆ ಕತೆ, ಇನ್ನೊಂದು ದಿನ ಬರೀತೇನೆ.)

ಡ್ಯೂರರ್ ಹುಟ್ಟಿದ್ದು 1471ರಲ್ಲಿ, ಅಕ್ಕಸಾಲಿಗನ ಮಗ. ಅಪ್ಪನ ಹತ್ತಿರವೇ ಮೊದಲ ಕೆಲಸ ಕಲಿತ. ಹದಿನೈದನೇ ವಯಸ್ಸಿಗೆ ಮಿಖಾಯೆಲ್ ವೋಲ್ಗೆಮುಟ್ ಅನ್ನುವ ಚಿತ್ರಕಾರನ ಬಳಿ ಶಿಷ್ಯನಾಗಿ ಸೇರಿದ. ಆ ಕಾರ್ಖಾನೆಯಲ್ಲಿ ಪುಸ್ತಕಕ್ಕೆ ಬೇಕಾದ ವುಡ್‌ಕಟ್‌ಗಳ ಕೆಲಸ ಜೋರು. 1493ರಲ್ಲಿ ಅಲ್ಲಿಂದ ಹೊರಬಂದ ಚಿತ್ರಗಳಿಂದ ಜಗತ್ತಿನ ಚರಿತ್ರೆಯ ಒಂದು ದೊಡ್ಡ ಪುಸ್ತಕ ಅಚ್ಚಾಯಿತು. ಅದರಲ್ಲಿ 1809 ಚಿತ್ರ. ಆದರೆ ಕೆತ್ತಿದ ಹಲಗೆ 645 ಮಾತ್ರ! ಒಂದೇ ರಾಜನ ಮುಖ ಹತ್ತು ರಾಜರಿಗೆ, ಒಂದೇ ಊರಿನ ಚಿತ್ರ ಹಲವು ಊರಿಗೆ. ಕೆಳಗೆ ಹೆಸರು ಮಾತ್ರ ಬದಲು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಗುತ್ತಾರೆ. ನಾನು ಹೇಳೋದು, ಆ ಕಾಲದ ಓದುಗನಿಗೆ ಅದು ಮೋಸ ಅನಿಸಿರಲಿಕ್ಕಿಲ್ಲ. ಇಲ್ಲೊಂದು ಊರಿತ್ತು ಅಂತ ತಿಳಿದರೆ ಸಾಕಿತ್ತು.

ಪುಸ್ತಕಕ್ಕೆ ಮರದ ಹಲಗೆಯೇ ಯಾಕೆ ಅನ್ನೋದಕ್ಕೆ ಒಂದು ಸರಳ ಕಾರಣ ಇದೆ. ಹಲಗೆಯಲ್ಲಿ ಉಳಿಸಿದ ಭಾಗ ಮೇಲಿರುತ್ತದೆ, ತೆಗೆದ ಭಾಗ ಕೆಳಗೆ. ಶಾಯಿ ಮೇಲಿನ ಭಾಗಕ್ಕೆ ಹತ್ತುತ್ತದೆ. ಸೀಸದ ಅಕ್ಷರದ ಮೊಳೆಯೂ ಹಾಗೇ. ಹಲಗೆಯ ದಪ್ಪ, ಮೊಳೆಯ ಎತ್ತರ ಸರಿ ಮಾಡಿದರೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿ ಒಂದೇ ಏಟಿಗೆ ಅಚ್ಚು ತೆಗೆಯಬಹುದು. ತಾಮ್ರದ ತಗಡಿನಲ್ಲಿ ಇದು ಆಗುವುದಿಲ್ಲ. ಅಲ್ಲಿ ಶಾಯಿ ಕೂರುವುದು ಗೀರಿದ ಹಳ್ಳದಲ್ಲಿ. ಅದಕ್ಕೆ ಬೇರೆ ಪ್ರೆಸ್ಸು, ಬೇರೆ ಒತ್ತಡ. ಘೇಂಡಾಮೃಗದ ತಲೆಯ ಮೇಲೆ ಜರ್ಮನ್ ಭಾಷೆಯಲ್ಲಿ ಕೆಲವು ಸಾಲು ಇವೆಯಲ್ಲ, ಅದು ಮೊಳೆ ಜೋಡಿಸಿ ಹಾಕಿದ್ದು. ಚಿತ್ರದ ಒಳಗಿರುವ 1515, ಪ್ರಾಣಿಯ ಹೆಸರು, ಡ್ಯೂರರನ ಎ ಮತ್ತು ಡಿ ಸೇರಿಸಿದ ಗುರುತು, ಇವು ಮಾತ್ರ ಹಲಗೆಯಲ್ಲೇ ಕೆತ್ತಿದ್ದು.

ಆ ಮೊಳೆಯ ಸಾಲುಗಳನ್ನು ಇಟ್ಟುಕೊಂಡು ಹೋದ ವರ್ಷ ಎಂಟನೇ ಕ್ಲಾಸಿನಲ್ಲಿ ಒಂದು ಆಟ ಆಡಿಸಿದೆ. ಪ್ರಾಣಿಯ ಹೆಸರು ಹೇಳಲಿಲ್ಲ, ಚಿತ್ರ ತೋರಿಸಲಿಲ್ಲ. ಸುಮ್ನೆ ಓದಿದೆ. ಚುಕ್ಕೆ ಇರುವ ಆಮೆಯ ಬಣ್ಣ. ಮೈತುಂಬ ದಪ್ಪ ಚಿಪ್ಪು. ಆನೆಯಷ್ಟು ದೊಡ್ಡದು, ಆದರೆ ಕಾಲು ಗಿಡ್ಡ. ಮೂಗಿನ ತುದಿಗೆ ಚೂಪಾದ ಗಟ್ಟಿ ಕೊಂಬು, ಅದನ್ನು ಕಲ್ಲಿಗೆ ಮಸೆಯುತ್ತದೆ. ಆನೆ ಎದುರಾದರೆ ಅದರ ಮುಂಗಾಲುಗಳ ನಡುವೆ ತಲೆ ತೂರಿಸಿ ಹೊಟ್ಟೆ ಬಗೆಯುತ್ತದೆ. ಚುರುಕು, ಚಾಲಾಕು. ಈಗ ಬರೀರಿ ಅಂದೆ.

ಕೊಂಬಿನ ಮಾತು ಬರುತ್ತಿದ್ದಂತೆ ಅರ್ಧ ಕ್ಲಾಸು "ಸರ್, ಗೊತ್ತಾಯ್ತು" ಅಂತ ಕೂಗಿತು. ಆದರೂ ಕಾಗದದ ಮೇಲೆ ಬಂದದ್ದು ನೋಡಬೇಕಿತ್ತು. ಟಿವಿಯಲ್ಲಿ ನೂರು ಸಲ ನೋಡಿದ ಪ್ರಾಣಿಯನ್ನು ಬಿಟ್ಟು ಬಹಳ ಮಕ್ಕಳು ನಾನು ಓದಿದ ಮಾತನ್ನೇ ಬರೆದಿದ್ದರು. ಒಬ್ಬಳು ಆಮೆಯ ಚಿಪ್ಪಿನ ಷಟ್ಕೋನಗಳನ್ನು ಸ್ಕೇಲ್ ಹಿಡಿದು ಹಾಕಿದ್ದಳು. ಒಬ್ಬ ಹೊಟ್ಟೆಯ ಕೆಳಗೂ ತಗಡು ಜೋಡಿಸಿ ಬೋಲ್ಟ್ ಬಿಗಿದಿದ್ದ. ಒಬ್ಬ ಮಾತ್ರ ನಿಜವಾದ ಘೇಂಡಾಮೃಗ ಬರೆದ. ಪೆಚ್ಚಾಗಿ ಕೂತಿದ್ದ, ಯಾಕೆಂದರೆ ಅವನದ್ದೇ ಎಲ್ಲಕ್ಕಿಂತ ಸಪ್ಪೆಯಾಗಿತ್ತು!

ಡ್ಯೂರರನ ಕೈಯಲ್ಲೂ ಅದೇ ಆಗಿದೆ. ನಮ್ಮ ದೇಶದ ಒಂಟಿಕೊಂಬಿನ ಘೇಂಡಾಮೃಗಕ್ಕೆ ಚರ್ಮದ ದೊಡ್ಡ ಮಡಿಕೆಗಳು ಇವೆ, ಭುಜದ ಮೇಲೆ, ತೊಡೆಯ ಮೇಲೆ ಗಂಟುಗಳೂ ಇವೆ. ಅವನು ಮಡಿಕೆಯನ್ನು ತಗಡು ಮಾಡಿದ, ಗಂಟನ್ನು ಅಲಂಕಾರ ಮಾಡಿದ. ನ್ಯೂರೆಂಬರ್ಗ್ ಯುದ್ಧಕವಚ ಮಾಡುವ ಕಮ್ಮಾರರಿಗೆ ಹೆಸರಾದ ಊರು. ಡ್ಯೂರರ್ ಕೂಡ ಕವಚಕ್ಕೆ ವಿನ್ಯಾಸ ಬರೆದುಕೊಟ್ಟವನು. ಹಾಗಾಗಿ ಚಿಪ್ಪು ಅಂತ ಓದಿದ ಕೂಡಲೇ ಅವನಿಗೆ ಕಬ್ಬಿಣ ಕಂಡಿರಬೇಕು ಅಂತ ಹಲವರು ಹೇಳುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಹೆಗಲ ಮೇಲಿನ ಆ ಪುಟ್ಟ ತಿರುಚು ಕೊಂಬು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಈಗ ಕೆತ್ತನೆಗೆ ಬರೋಣ.

ಚಿತ್ರದ ಅಳತೆ ಹೆಚ್ಚುಕಡಿಮೆ ಒಂದು ಎ4 ಹಾಳೆಯಷ್ಟು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ನಾನು ಅದೇ ಅಳತೆಗೆ ಪ್ರಿಂಟ್ ತೆಗೆಸಿ, ಕನ್ನಡಕ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿದೆ. ಮುಂಗಾಲಿನ ಹುರುಪೆಯೊಂದು ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರ ಸುತ್ತ ಕಪ್ಪು ಗೆರೆ, ಒಳಗೆ ನೆರಳಿಗೆ ಇನ್ನೂ ಸಣ್ಣ ಗೆರೆ. ಪೆನ್ನಿನಲ್ಲಿ ಬರೆದರೆ ಇದು ಒಂದು ಸುತ್ತು, ಎರಡು ಗೀಟು. ಮರದಲ್ಲಿ ಹಾಗಲ್ಲ. ಅಲ್ಲಿ ಗೆರೆಯನ್ನು ಯಾರೂ ಬರೆಯುವುದಿಲ್ಲ. ಗೆರೆಯ ಈ ಕಡೆ ಒಂದು ಸಲ, ಆ ಕಡೆ ಒಂದು ಸಲ ಚಾಕು ಎಳೆದು, ಪಕ್ಕದ ಮರವನ್ನು ಎಬ್ಬಿ ತೆಗೆದಾಗ ಗೆರೆ ತಾನಾಗಿ ಉಳಿಯುತ್ತದೆ. ಚಾಕುವನ್ನು ನೆಟ್ಟಗೆ ಹಿಡಿಯುವಂತಿಲ್ಲ. ಸ್ವಲ್ಪ ಓರೆ ಮಾಡಬೇಕು, ಬುಡ ಅಗಲ, ತಲೆ ಸಣ್ಣ, ಗದ್ದೆಯ ಬದುವಿನ ಹಾಗೆ. ಬುಡ ಕೊರೆದರೆ ಎರಡು ಪ್ರಿಂಟಿಗೆ ಗೆರೆ ಮುರಿದು ಶಾಯಿಯಲ್ಲಿ ಅಂಟಿಕೊಂಡು ಬರುತ್ತದೆ.

ಗೆರೆಯ ಮೇಲೆ ಗೆರೆ ಹಾಯುವ ಜಾಗವಂತೂ ಹಿಂಸೆ. ಪೆನ್ನಿಗೆ ಅಡ್ಡ ನಾಲ್ಕು, ಉದ್ದ ನಾಲ್ಕು ಎಳೆದರೆ ಮುಗಿಯಿತು. ಕೆತ್ತುವವನು ಆ ಗೆರೆಗಳ ನಡುವೆ ಉಳಿಯುವ ಪ್ರತಿ ಪುಟ್ಟ ಬಿಳಿ ಚೌಕವನ್ನೂ ನಾಲ್ಕು ಕಡೆ ಕೊಯ್ದು ಹೆಕ್ಕಿ ತೆಗೆಯಬೇಕು. ಒಂದು ಚೌಕಕ್ಕೆ ನಾಲ್ಕು ಕೊಯ್ತ. ಅದರ ಹೊಟ್ಟೆಯ ನೆರಳು ನೋಡಿ, ಆಮೇಲೆ ಲೆಕ್ಕ ಹಾಕಿ.

ಇಷ್ಟು ಸಣ್ಣ ಕೆಲಸಕ್ಕೆ ಎಲ್ಲ ಮರ ಆಗುವುದಿಲ್ಲ. ಯುರೋಪಿನಲ್ಲಿ ಪೇರ್ ಮರ ಜಾಸ್ತಿ ಬಳಸಿದರು. ಎಳೆ ಒತ್ತಾಗಿದೆ, ಎಲ್ಲ ಕಡೆ ಒಂದೇ ಸಮ, ಚಾಕು ಎತ್ತ ತಿರುಗಿಸಿದರೂ ಸಿಬಿರು ಏಳುವುದು ಕಡಿಮೆ. ಹಲಗೆಯನ್ನು ಮರದ ಉದ್ದಕ್ಕೆ ಸೀಳಿ ತೆಗೆಯುತ್ತಾರೆ, ಹಾಗಾಗಿ ಎಳೆ ಅಡ್ಡಡ್ಡ ಓಡುತ್ತದೆ. ಮರವನ್ನು ಅಡ್ಡ ಕತ್ತರಿಸಿ ಅದರ ತಲೆಯ ಮೇಲೆ ಕೆತ್ತುವುದು ಬೇರೆ ವಿದ್ಯೆ, ಅದು ಇಂಗ್ಲೆಂಡಿನ ಥಾಮಸ್ ಬೀವಿಕ್ ಕೈಯಲ್ಲಿ ಹೆಸರು ಮಾಡಿದ್ದು, ಇದಾಗಿ ಇನ್ನೂರೈವತ್ತಕ್ಕೂ ಹೆಚ್ಚು ವರ್ಷದ ಮೇಲೆ. ನಮ್ಮ ಶಾಲೆಯಲ್ಲಿ ಪೇರ್ ಇಲ್ಲ, ಶಿವನೆಯೂ ಇಲ್ಲ. ಪ್ಲೈವುಡ್ ತುಂಡು, ಅಂಗಡಿಯಲ್ಲಿ ಸಿಗುವ ಸೆಟ್ಟಿನ ಉಳಿ, ಕಪ್ಪು ಪ್ರಿಂಟಿಂಗ್ ಇಂಕು, ಒಂದು ರಬ್ಬರ್ ರೋಲರ್. ಪ್ರೆಸ್ಸಿನ ಬದಲು ಸ್ಟೀಲ್ ಚಮಚದ ಬೆನ್ನು. ಕಾಗದ ಹಾಸಿ ಚಮಚದಲ್ಲಿ ಉಜ್ಜುತ್ತಾ ಹೋದರೆ ಹಿಂದಿನಿಂದಲೇ ಚಿತ್ರ ಮಸುಕಾಗಿ ಕಾಣುತ್ತದೆ. ಎಲ್ಲಿ ಉಜ್ಜಿಲ್ಲ ಅಂತ ಗೊತ್ತಾಗುತ್ತದೆ.

ಅಚ್ಚಿನಲ್ಲಿ ಎಡ ಬಲ ತಿರುಗುತ್ತದೆ ಅನ್ನೋದು ಮಕ್ಕಳಿಗೆ ಪ್ರತಿ ವರ್ಷ ಹೊಸ ಆಶ್ಚರ್ಯ. ಘೇಂಡಾಮೃಗ ಕಾಗದದ ಮೇಲೆ ಬಲಕ್ಕೆ ಮುಖ ಮಾಡಿದೆ. ಅಂದರೆ ಹಲಗೆಯಲ್ಲಿ ಅದು ಎಡಕ್ಕೆ ನೋಡುತ್ತಿತ್ತು, 1515 ಅನ್ನೋದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ.

ಡ್ಯೂರರ್ ತಾನೇ ಕೆತ್ತಿದನಾ? ಸಾಮಾನ್ಯವಾಗಿ ಇಲ್ಲ. ಆ ಕಾಲದ ಪದ್ಧತಿಯೇ ಹಾಗೆ. ಚಿತ್ರಗಾರ ಬರೆದುಕೊಡಬೇಕು, ಕೆತ್ತುವವನು ಕೆತ್ತಬೇಕು, ಅಚ್ಚು ಹಾಕುವವನು ಇನ್ನೊಬ್ಬ. ಡ್ಯೂರರ್ ಬರೆದ ಇನ್ನೊಂದು ಮಹಾ ಕೆಲಸ, ಮ್ಯಾಕ್ಸಿಮಿಲಿಯನ್ ಚಕ್ರವರ್ತಿಗಾಗಿ ಮಾಡಿದ ವಿಜಯದ ಕಮಾನು, ಅದೂ ಇದೇ ವರ್ಷದ ಸುಮಾರಿಗೆ. 190ಕ್ಕೂ ಹೆಚ್ಚು ಹಲಗೆಯಲ್ಲಿ ಅಚ್ಚು ತೆಗೆದು ಹಾಳೆಗಳನ್ನು ಅಂಟಿಸಿದರೆ ಮೂರು ಮೀಟರಿಗಿಂತ ಎತ್ತರದ ಗೋಡೆಚಿತ್ರ. ಅದನ್ನು ಕೆತ್ತಿಸಿದವನು ಹಿಯೆರೋನಿಮುಸ್ ಆಂಡ್ರಿಯೆ. ಅವನ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಪುಣ್ಯ. ಘೇಂಡಾಮೃಗದ ಮೇಲೆ ಇರುವುದು ಡ್ಯೂರರನ ಗುರುತು ಮಾತ್ರ.

ನಮ್ಮ ಜಿಲ್ಲೆಯಲ್ಲಿ ಗುಡಿಗಾರರು ಇದ್ದಾರೆ, ಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಹೆಸರಾದವರು. ಅವರಲ್ಲಿ ಒಬ್ಬರು ಹಿರಿಯರು ನನಗೆ ಪರಿಚಯ. ಅವರ ಮುಂದೆ ಆ ಎ4 ಹಾಳೆ ಇಟ್ಟೆ. ಅವರು ಪ್ರಾಣಿಯನ್ನು ನೋಡಲೇ ಇಲ್ಲ. ಬೆರಳಿನ ಉಗುರನ್ನು ಹೊಟ್ಟೆಯ ಅಂಚಿನಲ್ಲಿ ಓಡಿಸಿದರು, ಗೆರೆ ದಪ್ಪದಿಂದ ಸಣ್ಣಕ್ಕೆ ಇಳಿಯುವ ಕಡೆ ನಿಲ್ಲಿಸಿದರು.

"ಇಲ್ಲಿ ಕೈ ತಿರುಗಿಸಿಲ್ಲ ಮಾಸ್ತರ್ರೇ, ಹಲಗೆ ತಿರುಗಿಸಿದ್ದಾನೆ. ಯಾರು ಕೆತ್ತಿದ್ದು?"

"ಹೆಸರು ಹಾಕಿಲ್ಲ. ಬರೆದವನದ್ದು ಮಾತ್ರ ಇದೆ."

"ನಾವು ಎಲ್ಲಿ ಹಾಕ್ತೇವೆ?" ಅಂದು ಎಲೆಅಡಿಕೆಯ ಪೆಟ್ಟಿಗೆ ಹತ್ತಿರ ಎಳೆದುಕೊಂಡರು.

ಅವರು ಅದನ್ನು ಬೇಸರದಿಂದ ಹೇಳಲಿಲ್ಲ. ನನಗೆ ಮಾತ್ರ ತುಸು ಸಿಟ್ಟಿದೆ. ಮ್ಯೂಸಿಯಮ್ಮಿನ ಚೀಟಿಯಲ್ಲಿ ಡ್ಯೂರರ್ ಅಂತ ಒಂದೇ ಹೆಸರು ಬರೆಯುವುದು ನನಗೆ ಅರ್ಧ ಸತ್ಯ ಅನಿಸುತ್ತದೆ. ಗೆರೆಯ ಯೋಚನೆ ಡ್ಯೂರರನದ್ದೇ. ಕೆತ್ತುವವರಿಗೆ ಹಿಂದೆಂದೂ ಯಾರೂ ಕೊಡದಷ್ಟು ಕಷ್ಟದ ಗೆರೆ ಕೊಟ್ಟವನು ಅವನು. 1498ರಲ್ಲಿ ಬೈಬಲಿನ ಪ್ರಳಯಕಾಲದ ಕತೆಗೆ ಮಾಡಿದ 15 ವುಡ್‌ಕಟ್‌ಗಳಲ್ಲೇ ಅದು ಕಾಣುತ್ತದೆ. ಅದಕ್ಕೆ ಮೊದಲು ಮರದಚ್ಚು ಅಂದರೆ ದಪ್ಪ ಹೊರಗೆರೆ, ಒಳಗೆ ಕೈಯಲ್ಲಿ ಬಣ್ಣ ಬಳಿಯಲು ಖಾಲಿ ಜಾಗ. ಡ್ಯೂರರ್ ಬಂದಮೇಲೆ ಬಣ್ಣವೇ ಬೇಡವಾಯಿತು. ನೆರಳು, ಮೋಡ, ಕುದುರೆಯ ಮೈ, ಎಲ್ಲ ಗೆರೆಯಲ್ಲೇ ಆಯಿತು. ಆದರೆ ಬರೆದುಕೊಟ್ಟರೆ ಸಾಕಾ? ಅದನ್ನು ಒಂದು ಕೂದಲೂ ತಪ್ಪದಂತೆ ಉಳಿಸಿದ ಕೈ ಇನ್ನೊಂದಿತ್ತಲ್ಲ.

ವ್ಯಾಪಾರದಲ್ಲಿ ಡ್ಯೂರರ್ ಪಕ್ಕಾ. ಆ 15 ಚಿತ್ರದ ಪುಸ್ತಕವನ್ನು ತಾನೇ ಪ್ರಕಟಿಸಿದ. ಹೆಂಡತಿ ಆಗ್ನೆಸ್ ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗಿ ಪ್ರಿಂಟ್ ಮಾರುತ್ತಿದ್ದಳು, ತಾಯಿಯೂ ಮಾರುತ್ತಿದ್ದಳು. ಎ-ಡಿ ಗುರುತಿಗೆ ಎಷ್ಟು ಬೆಲೆ ಬಂತೆಂದರೆ ಕಳ್ಳ ಗುರುತು ಹಾಕಿ ಮಾರುವವರು ಹುಟ್ಟಿಕೊಂಡರು. 1512ರಲ್ಲಿ ನ್ಯೂರೆಂಬರ್ಗಿನ ಪುರಸಭೆ ಅಂಥ ಒಬ್ಬನಿಗೆ ತಾಕೀತು ಮಾಡಿತು, ಗುರುತು ತೆಗೆದು ಮಾರು, ಇಲ್ಲದಿದ್ದರೆ ಮಾಲು ಜಪ್ತಿ ಅಂತ. ಘೇಂಡಾಮೃಗ ಡ್ಯೂರರ್ ಬದುಕಿದ್ದಾಗಲೇ ನಾಲ್ಕೈದು ಸಾವಿರ ಪ್ರತಿ ಹೋಗಿರಬಹುದು ಅಂತ ಅಂದಾಜಿದೆ. ಒಂದು ಎಣ್ಣೆಬಣ್ಣದ ಚಿತ್ರವನ್ನು ಅಷ್ಟು ಜನ ಮನೆಗೆ ಒಯ್ಯಲು ಆಗುತ್ತದಾ?

ಅಷ್ಟರಲ್ಲಿ ನಿಜವಾದ ಪ್ರಾಣಿಯ ಗತಿ ಏನಾಯಿತು ಕೇಳಿ. ಮನುವೆಲ್ ರಾಜನಿಗೂ ಅದು ಸಾಕಾಯಿತೋ ಏನೋ, ಪೋಪ್ ಹತ್ತನೇ ಲಿಯೋಗೆ ಉಡುಗೊರೆ ಕೊಡುವುದು ಅಂತಾಯಿತು. ಹಿಂದಿನ ವರ್ಷ ಅದೇ ಪೋಪನಿಗೆ ಭಾರತದ ಒಂದು ಆನೆ ಹೋಗಿತ್ತು. 1515ರ ಡಿಸೆಂಬರಿನಲ್ಲಿ, ಕುತ್ತಿಗೆಗೆ ಹಸಿರು ವೆಲ್ವೆಟ್ ಪಟ್ಟಿ ಕಟ್ಟಿ, ಮತ್ತೆ ಹಡಗು ಹತ್ತಿಸಿದರು. ದಾರಿಯಲ್ಲಿ ಮಾರ್ಸೆ ಬಂದರಿನ ಹತ್ತಿರ ಫ್ರಾನ್ಸಿನ ರಾಜ ಬಂದು ನೋಡಿದ. ಮುಂದೆ ಇಟಲಿಯ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಘೇಂಡಾಮೃಗಕ್ಕೆ ಈಜು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಸರಪಳಿ ಹಾಕಿ ಡೆಕ್ಕಿಗೆ ಬಿಗಿದಿದ್ದರು.

ಆ ಸರಪಳಿಯ ಕಾರಣಕ್ಕೆ ನನಗೆ ಇನ್ನೊಂದು ಚಿತ್ರ ಮುಖ್ಯ. ಅದೇ 1515ರಲ್ಲಿ ಔಗ್ಸ್‌ಬರ್ಗಿನ ಹಾನ್ಸ್ ಬುರ್ಕ್‌ಮೈರ್ ಕೂಡ ಇದೇ ಪ್ರಾಣಿಯ ವುಡ್‌ಕಟ್ ಮಾಡಿದ. ಅವನೂ ಕಣ್ಣಾರೆ ನೋಡಿದವನಲ್ಲ. ಆದರೂ ಅವನದ್ದು ನಿಜಕ್ಕೆ ಹತ್ತಿರ. ಚರ್ಮ ಚರ್ಮದ ಹಾಗಿದೆ, ಹೆಗಲ ಮೇಲೆ ಸುಳ್ಳು ಕೊಂಬಿಲ್ಲ. ಮುಂಗಾಲು ಎರಡನ್ನೂ ಸೇರಿಸಿ ಕಟ್ಟಿದ್ದಾರೆ. ಡ್ಯೂರರನ ಘೇಂಡಾಮೃಗ ಯಾರ ಅಧೀನದಲ್ಲೂ ಇಲ್ಲ, ಯುದ್ಧಕ್ಕೆ ಹೊರಟು ನಿಂತಿದೆ. ಬುರ್ಕ್‌ಮೈರನದ್ದು ಸೆರೆ ಸಿಕ್ಕ ಪ್ರಾಣಿ. ಗುಜರಾತಿನಿಂದ ಗೋವಾಕ್ಕೆ, ಗೋವಾದಿಂದ ಲಿಸ್ಬನ್ನಿಗೆ ಕೈಯಿಂದ ಕೈಗೆ ಹೋದದ್ದು ಈ ಎರಡನೆಯದ್ದೇ ಅಲ್ವಾ?

ಬುರ್ಕ್‌ಮೈರನ ಪ್ರತಿ ಇವತ್ತು ಜಗತ್ತಿನಲ್ಲಿ ಒಂದೇ ಒಂದು ಉಳಿದಿದೆ, ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಮ್ಮಿನಲ್ಲಿ. ಡ್ಯೂರರನದ್ದು ಊರೂರಲ್ಲಿ ಇದೆ. ಜನ ಕೊಂಡದ್ದು, ಮತ್ತೆ ಮತ್ತೆ ನಕಲು ಮಾಡಿದ್ದು ಅದನ್ನೇ. ಪ್ರಾಣಿಶಾಸ್ತ್ರದ ಪುಸ್ತಕಗಳೂ ಅದನ್ನೇ ನಕಲು ಹೊಡೆದವು. 1551ರಲ್ಲಿ ಬರಲು ಶುರುವಾದ ಕಾನ್ರಾಡ್ ಗೆಸ್ನರನ ದೊಡ್ಡ ಗ್ರಂಥದಲ್ಲೂ ಅದೇ ಕವಚ, ಅದೇ ಪುಟ್ಟ ಕೊಂಬು. 1741ರಲ್ಲಿ ಬಂಗಾಳದಿಂದ ಕ್ಲಾರಾ ಅನ್ನುವ ಹೆಣ್ಣು ಘೇಂಡಾಮೃಗ ಹಾಲೆಂಡಿಗೆ ಬಂದು, ವರ್ಷಗಟ್ಟಲೆ ಯುರೋಪಿನ ಊರೂರು ತಿರುಗಿ, ಚಿತ್ರಗಾರರು ಎದುರು ಕೂತು ಬರೆದ ಮೇಲೆಯೇ ಆ ಕವಚ ನಿಧಾನಕ್ಕೆ ಬಿಚ್ಚಿಕೊಂಡಿತು. ಇನ್ನೂರು ವರ್ಷಕ್ಕೂ ಮೀರಿ ಒಂದು ಹಲಗೆಯ ಮಾತು ನಡೆಯಿತು.

ಸುಳ್ಳು ಗೆದ್ದಿತು ಅಂತ ಬೇಸರ ಮಾಡುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಬುರ್ಕ್‌ಮೈರನ ಚಿತ್ರ ನೋಡಿ ಅಯ್ಯೋ ಅನಿಸುತ್ತದೆ, ಒಪ್ಪಿದೆ. ಆದರೆ ಕೆತ್ತನೆ ಅಂತ ನೋಡಿದರೆ ಡ್ಯೂರರನದ್ದು ಒಂದು ಕೈ ಮೇಲೆ. ಮೈಯ ಒಂದೊಂದು ಭಾಗಕ್ಕೂ ಬೇರೆ ಬೇರೆ ಜಾತಿಯ ಗೆರೆ. ಕಾಲಿಗೆ ಉಂಗುರ, ಪಕ್ಕೆಗೆ ಚುಕ್ಕೆ, ಕತ್ತಿನ ಮಡಿಕೆಗೆ ಓರೆಗೆರೆ, ಗಲ್ಲದ ಕೆಳಗೆ ಕೂದಲು. ಚೌಕಟ್ಟಿನ ಒಳಗೆ ಪ್ರಾಣಿ ಇಕ್ಕಟ್ಟಾಗಿ ನಿಂತಿದೆ, ಕೊಂಬು ಅಂಚಿಗೆ ತಾಗುವಷ್ಟು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಎಂಟನೇ ಕ್ಲಾಸಿನ ಆ ಸಪ್ಪೆ ಚಿತ್ರದ ಹುಡುಗನಿಗೆ ನಾನು ತೋರಿಸಿದ್ದೂ ಇದನ್ನೇ. ಸರಿಯಾಗಿ ಬರೆದಿದ್ದೀಯ ಮಾರಾಯ, ಇನ್ನು ಗೆರೆ ಹುಡುಕು ಅಂದೆ.

ಹಲಗೆ ಡ್ಯೂರರನಿಗಿಂತ ಜಾಸ್ತಿ ಬದುಕಿತು. ಅವನು ತೀರಿಕೊಂಡದ್ದು 1528ರಲ್ಲಿ. ಹಲಗೆ ಕೈ ಬದಲಾಗಿ, ಊರು ಬದಲಾಗಿ, ಸುಮಾರು ನೂರು ವರ್ಷದ ಮೇಲೆ ಹಾಲೆಂಡಿಗೆ ಬಂತು. ಅಲ್ಲಿ ಹೆಂಡ್ರಿಕ್ ಹೊಂಡಿಯಸ್ ಅಚ್ಚು ಹಾಕಿದ. ಆಮೇಲೆ ಆಮ್‌ಸ್ಟರ್‌ಡ್ಯಾಮಿನ ವಿಲೆಮ್ ಯಾನ್ಸೆನ್. ಆ ಹೊತ್ತಿಗೆ ಹಲಗೆಗೆ ಹುಳ ಹೊಡೆದಿತ್ತು, ಕಾಲುಗಳ ಅಡ್ಡಕ್ಕೆ ಉದ್ದನೆ ಬಿರುಕು ಬಿಟ್ಟಿತ್ತು. ಹುಳದ ತೂತಿಗೆ ಶಾಯಿ ಹತ್ತುವುದಿಲ್ಲ, ಹಾಗಾಗಿ ಕಾಗದದ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ. ಯಾನ್ಸೆನ್ ಹೊಸದಾಗಿ ಇನ್ನೊಂದು ಹಲಗೆ ಕೆತ್ತಿಸಿ, ಬಣ್ಣದ ಛಾಯೆಯನ್ನು ಅದರಿಂದ ಹಾಕಿ, ಹಳೇ ಗೆರೆ ಹಲಗೆಯ ಜೊತೆ ಸೇರಿಸಿ ಮಾರಿದ. ನೋಡಲು ಚೆಂದವೇ ಇದೆ. ಬಿರುಕು ಮಾತ್ರ ಹಾಗೇ ಕಾಣುತ್ತದೆ.

ಗುಡಿಗಾರ ಹಿರಿಯರಿಗೆ ಇದನ್ನೂ ತೋರಿಸಿದ್ದೆ. ಅವರಿಗೆ ಬಿರುಕಿನ ಬಗ್ಗೆ ಏನೂ ಅನಿಸಲಿಲ್ಲ, ತೂತಿನ ಬಗ್ಗೆ ಸಿಟ್ಟು ಬಂತು. "ಗೂಟ ಹೊಡೀಬಹುದಿತ್ತಲ್ಲ?" ಅಂದರು. ಹೇಗೆ ಅಂತ ಕೇಳಿದ್ದಕ್ಕೆ ಮುಂದಿನ ವಾರ ಶಾಲೆಗೇ ಬಂದರು. ಅಲ್ಲಿ ಕೆಲಸವೂ ಸಿದ್ಧ ಇತ್ತು. ಘೇಂಡಾಮೃಗ ಕೆತ್ತುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯ ಉಳಿ ಜಾರಿ ಕೊಂಬಿನ ತುದಿ ಹಾರಿಹೋಗಿತ್ತು. ಅವಳು ಅಳುವ ಹಾಗಾಗಿದ್ದಳು.

ಹಿರಿಯರು ಮೊದಲು ಕೆಟ್ಟ ಜಾಗವನ್ನು ಚೌಕ ಕೊರೆದರು, ಬಾಯಿ ಸ್ವಲ್ಪ ಅಗಲ, ತಳ ಸಣ್ಣ. ಅದೇ ಪ್ಲೈವುಡ್ಡಿನ ಉಳಿಕೆಯಿಂದ ಒಂದು ತುಂಡು ತೆಗೆದು ಎಳೆ ಯಾವ ಕಡೆ ಓಡುತ್ತದೆ ನೋಡಿ, ಅದಕ್ಕೆ ಸರಿಯಾಗಿ ತಿರುಗಿಸಿದರು. ಅಂಟು ಹಚ್ಚಿ, ಉಳಿಯ ಹಿಡಿಯಿಂದ ಮೆಲ್ಲಗೆ ಎರಡೇಟು. ಒಣಗಿದ ಮೇಲೆ ಮೇಲೆ ಉಳಿದದ್ದನ್ನು ಹಲಗೆಯ ಮಟ್ಟಕ್ಕೆ ಹೆರೆದರು. ಕಣ್ಣಿಗೆ ಗೆರೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. "ಈಗ ಬರ್ಕೊ ಮಗಾ, ಪುನಃ ಕೆತ್ತು" ಅಂತ ಪೆನ್ಸಿಲ್ ಅವಳ ಕೈಗೆ ಕೊಟ್ಟರು. ಹಳೇ ಕಾಲದ ಯುರೋಪಿನ ಕೆತ್ತುವವರೂ ಹಲಗೆಯ ತಪ್ಪನ್ನು ಹೀಗೇ ತುಂಡು ಕೂರಿಸಿ ಸರಿ ಮಾಡುತ್ತಿದ್ದರು. ಅದನ್ನು ನಾನು ಮಕ್ಕಳಿಗೆ ಹೇಳಿದಾಗ ಹಿರಿಯರು, ಮತ್ತೆ ಇನ್ನು ಹೇಗೆ ಮಾಡ್ಲಿಕ್ಕೆ ಬರ್ತದೆ ಅನ್ನೋ ಹಾಗೆ ನನ್ನ ಮುಖ ನೋಡಿದರು.

ಕೊಂಬು ಬಂತು. ಹೆಗಲ ಮೇಲಿನ ಎರಡನೇ ಕೊಂಬನ್ನು ತೆಗೆದುಬಿಡೋಣವಾ ಅಂತ ನಾನು ಕೇಳಿದೆ. ಹುಡುಗಿ ಒಪ್ಪಲಿಲ್ಲ. "ಅಷ್ಟು ಕಷ್ಟಪಟ್ಟು ಸುತ್ತ ಕೆತ್ತಿದ್ದೇನೆ ಸರ್, ಇದು ಇರಲೇಬೇಕು" ಅಂದಳು. ಇರಲಿ ಅಂದೆ. ವಾರ್ಷಿಕೋತ್ಸವಕ್ಕೆ ಅದರದ್ದೇ ಪ್ರಿಂಟು ತೆಗೆದು ಮಾರುವ ಯೋಚನೆ ಇದೆ, ಗುರುತಿನ ಜಾಗದಲ್ಲಿ ಬರೆದವಳ ಹೆಸರು, ಗೂಟ ಹೊಡೆದವರ ಹೆಸರು ಎರಡೂ ಹಾಕಿ. ಹಿರಿಯರು ಬೇಡ ಅಂತಿದ್ದಾರೆ, ಕೇಳೋದಿಲ್ಲ.